ಅದು ಸೂರ್ಯನಿಗೆ ನಮಸ್ಕಾರ ಅಲ್ಲ

‘ಕೈ ಎತ್ತಿ ಸೂರ್ಯನಿಗೆ ನಮಸ್ಕರಿಸುವ ಪುಟ್ಟ ನಾಯಿ’ ಎಂಬ ವಿಡಿಯೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮುದ್ದಾಗಿದೆ ನಿಜ, ಆದರೆ ಮಾತು ಸರಿಯಲ್ಲ. ಅದು ನಾಯಿಯೇ ಅಲ್ಲ. ಉತ್ತರ ಅಮೆರಿಕದ ಹುಲ್ಲುಗಾವಲಿನಲ್ಲಿ ಬಿಲ ತೋಡಿ ಗುಂಪಾಗಿ ಬದುಕುವ ಪ್ರೇರಿ ಡಾಗ್, ಅಳಿಲಿನ ಬಳಗದ್ದು. ಬೊಗಳಿದ ಹಾಗೆ ಕೂಗುತ್ತದೆ ಅಂತ ಆ ಹೆಸರು, ಅಷ್ಟೇ.

ಕಪ್ಪು ಬಾಲದ ಪ್ರೇರಿ ಡಾಗ್ ಹಿಂಗಾಲ ಮೇಲೆ ನಿಂತು, ಮುಂಗಾಲು ಚಾಚಿ, ತಲೆ ಹಿಂದಕ್ಕೆ ಎಸೆದು ಕೂಗುತ್ತದೆ. ಆ ಜೋರಿಗೆ ಆಯ ತಪ್ಪಿ ಬೀಳುವುದೂ ಉಂಟು! ಒಂದು ಕೂಗಿದರೆ ಪಕ್ಕದ್ದೂ ಕೂಗುತ್ತದೆ, ನಮ್ಮ ಆಕಳಿಕೆ ಥರ. ನೆರೆಯವು ಎಷ್ಟು ಎಚ್ಚರವಾಗಿವೆ ಎಂದು ತಿಳಿಯುವ ದಾರಿ ಇದು ಎನ್ನುತ್ತದೆ 2014ರ ಅಧ್ಯಯನ. ಜಾಸ್ತಿ ದನಿ ಸೇರಿದರೆ, ಮೊದಲು ಕೂಗಿದ್ದು ಕಾವಲು ಕಡಿಮೆ ಮಾಡಿ ಮೇಯಲು ಹೋಗುತ್ತದೆ. ಸೂರ್ಯ ಸುಮ್ನೆ ಹಿಂದೆ ಇದ್ದಾನೆ.