ಫಲಕದ ತೂಕ 2 ಕೆಜಿ 600 ಗ್ರಾಂ

ಮೊನ್ನೆ ನಮ್ಮ ತಾಲ್ಲೂಕಿನಲ್ಲಿ ಮತ್ತೊಂದು ಪ್ರಶಸ್ತಿ ಸಮಾರಂಭ ಆಯಿತು. ತಾಯಿ ಮತ್ತು ಮಗುವಿನ ಆರೋಗ್ಯದಲ್ಲಿ ನಾಯಕತ್ವ ತೋರಿಸಿದವರಿಗಂತೆ. ಇಂಥದ್ದನ್ನು ನೀವೂ ಬೇಕಾದಷ್ಟು ನೋಡಿರ್ತೀರಿ, ಜಾಸ್ತಿ ವಿವರಿಸಲ್ಲ. ಕಾರ್ಡಿನಲ್ಲಿ ಹತ್ತೂವರೆ, ಮುಖ್ಯ ಅತಿಥಿಗಳು ಬಂದಾಗ ಒಂದೂಕಾಲು. ಅಷ್ಟು ಹೊತ್ತು ಕುರ್ಚಿ ಖಾಲಿ ಕಾಣಬಾರದು ಅಂತ ಆಶಾ ಕಾರ್ಯಕರ್ತೆಯರನ್ನೇ ಕರೆಸಿ ಕೂರಿಸಿದ್ದರು. ಪ್ರಶಸ್ತಿ ಅವರಿಗೇ, ಚಪ್ಪಾಳೆ ತಟ್ಟಿದ್ದೂ ಅವರೇ, ನೀರಿನ ಬಾಟಲಿ ಹಂಚಿದ್ದೂ ಅವರೇ. ವೇದಿಕೆ ಮೇಲೆ ಕೂತವರಿಗೆ ಮಾತ್ರ ಪಾಪ, ಭಾಷಣದ ಶ್ರಮ.

ಆ ಶಾಲಿನ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಸನ್ಮಾನದ ಶಾಲನ್ನು ಯಾವ ನೂಲಿನಿಂದ ನೇಯುತ್ತಾರೋ ಆ ದೇವರಿಗೇ ಗೊತ್ತು. ಹೊದ್ದರೆ ಬೆಚ್ಚಗಾಗಲ್ಲ, ಒರೆಸಿದರೆ ನೀರು ಹೀರಲ್ಲ, ಒಲೆ ಮೇಲಿನ ಪಾತ್ರೆ ಇಳಿಸೋಣ ಅಂದರೆ ಕೈಗೇ ಅಂಟಿಕೊಳ್ಳುತ್ತೆ. ನಮ್ಮ ಮನೆಯಲ್ಲಿ ಎರಡಿದ್ದವು. ಒಂದು ಯುಪಿಎಸ್ ಮೇಲಿದೆ. ಇನ್ನೊಂದನ್ನು ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಹೊದಿಸಿ ಕೈತೊಳೆದುಕೊಂಡೆವು. ಇಡೀ ರಾಜ್ಯದಲ್ಲಿ ಇರೋದೇ ಒಂದಿಷ್ಟು ಶಾಲು, ಅವೇ ಹೆಗಲಿಂದ ಹೆಗಲಿಗೆ ಸುತ್ತುತ್ತಿವೆ ಅಂತ ನನಗೆ ಬಹಳ ದಿನದಿಂದ ಅನುಮಾನ.

ಇರಲಿ. ನಮ್ಮ ಬೀದಿಯ ಆಶಾ ಅಕ್ಕನಿಗೂ ಒಂದು ಫಲಕ ಬಂತು. ಮರದ ಹಲಗೆ, ಅದರ ಮೇಲೆ ಫೈಬರಿನ ತಾಯಿ, ಮಡಿಲಲ್ಲಿ ಫೈಬರಿನ ಮಗು. ಇಬ್ಬರಿಗೂ ಚಿನ್ನದ ಬಣ್ಣ. ಮಗುವಿಗೆ ಅರ್ಧ ಮೂಗು. ಸಂಜೆ ನಮ್ಮ ಜಗಲಿ ಮೇಲೆ ಕೂತು ಅಕ್ಕ ತಮ್ಮ ಚೀಲದಿಂದ ಕೂಸುಗಳನ್ನು ತೂಗುವ ತಕ್ಕಡಿ ತೆಗೆದರು, ಬಟ್ಟೆಯ ಜೋಲಿ ಇರುತ್ತಲ್ಲ, ಅದು. ಫಲಕವನ್ನು ಜೋಲಿಯಲ್ಲಿ ಮಲಗಿಸಿ ಎತ್ತಿ ಹಿಡಿದರು. 2 ಕೆಜಿ 600.

"ಎರಡೂವರೆ ದಾಟಿದೆ ಅಣ್ಣಾ, ಕಡಿಮೆ ತೂಕದ ಕೂಸಲ್ಲ. ಫಲಕ ಆದ್ದರಿಂದ ಇದನ್ನ ನೋಡೋಕೆ ಆರು ಸಲ ಹೋಗೋದೂ ತಪ್ಪಿತು" ಅಂದರು.

ಆರು ಸಲದ ಲೆಕ್ಕ ಇದು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಕೂಸನ್ನು 3, 7, 14, 21, 28, 42ನೇ ದಿನ ಮನೆಗೇ ಹೋಗಿ ನೋಡಬೇಕು. ತೂಕ, ಜ್ವರ, ಹೊಕ್ಕುಳು, ಹಾಲು ಕುಡಿಯುತ್ತಾ, ತಾಯಿಗೆ ರಕ್ತಸ್ರಾವ ನಿಂತಿದೆಯಾ, ಎಲ್ಲ ಬರೆದುಕೊಳ್ಳಬೇಕು. ಆರಕ್ಕೂ ಸೇರಿ 250 ರೂಪಾಯಿ. ಅದೂ ತಾಯಿ-ಮಕ್ಕಳ ದಾಖಲೆ ಇಡುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಯಾರಾದರೂ ಪುಣ್ಯಾತ್ಮರು ನೆಟ್ಟಗೆ ಎಂಟ್ರಿ ಮಾಡಿದ್ದರೆ. ಎಂಟ್ರಿ ಇಲ್ಲದಿದ್ದರೆ ಕೂಸು ಕೇರಿಗೆಲ್ಲ ಕೇಳುವಂತೆ ಅತ್ತರೂ ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ.

ಆದರೂ ದೂರಬಾರದು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಜಿನೀವಾದಲ್ಲಿ ಇವರನ್ನು ಜಾಗತಿಕ ಆರೋಗ್ಯ ನಾಯಕರು ಅಂತ ಗೌರವಿಸಿತು. ಭಾರತದ ಹತ್ತು ಲಕ್ಷಕ್ಕೂ ಜಾಸ್ತಿ ಆಶಾಗಳಿಗೆ ಸೇರಿ ಒಂದು ಪ್ರಶಸ್ತಿ. ಸರದಿಯಲ್ಲಿ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ದಿನ ಇಟ್ಟುಕೊಂಡರೆ ಎರಡು ಸಾವಿರದ ಏಳುನೂರು ಚಿಲ್ಲರೆ ವರ್ಷದಲ್ಲಿ ಎಲ್ಲರ ಪಾಳಿಯೂ ಮುಗಿಯುತ್ತೆ. ನಾಯಕರು ಅಂತ ಕರೆದದ್ದರಲ್ಲಿ ಇನ್ನೊಂದು ಅನುಕೂಲ ಇದೆ. ನೌಕರರು ಅಂದಿದ್ದರೆ ಸಂಬಳ, ಪಿಎಫ್, ಪಿಂಚಣಿ ಅಂತ ನೂರೆಂಟು ತಲೆನೋವು. ನಾಯಕರಿಗೆ ಯಾರು ಸಂಬಳ ಕೊಡ್ತಾರೆ?

2025ರ ಜನವರಿಯಲ್ಲಿ ಈ ಜಾಗತಿಕ ನಾಯಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಕೂತಿದ್ದು ನಿಮಗೆ ನೆನಪಿರುತ್ತೆ. ತಿಂಗಳಿಗೆ 15,000 ಕೇಳಿದರು. ಏಪ್ರಿಲ್‌ನಿಂದ 10,000 ಖಾತ್ರಿ ಅಂತ ಮುಖ್ಯಮಂತ್ರಿಗಳ ಭರವಸೆ ಸಿಕ್ಕಿತು. ಆಗಸ್ಟ್‌ನಲ್ಲಿ ಅದೇ ಭರವಸೆಯನ್ನು ನೆನಪಿಸಲು ಮತ್ತೆ ಮೂರು ದಿನ ಧರಣಿ. ಜನವರಿಯ ಚಳಿಯಲ್ಲಿ ಹೆಂಗಸರು ರಾತ್ರಿಯೆಲ್ಲ ಅಲ್ಲೇ ಮಲಗಿದ್ದರಲ್ಲ, ಒಂದು ಶಾಲು ಹೊದಿಸೋ ಹೊತ್ತು ಇದ್ದರೆ ಅದಾಗಿತ್ತು. ಆವತ್ತು ಯಾಕೋ ಯಾರಿಗೂ ಸನ್ಮಾನದ ನೆನಪಾಗಲಿಲ್ಲ.

ತಮಾಷೆ ಸಾಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐದು ಬಾಣಂತಿಯರು ಡಿಸೆಂಬರ್ ಮೊದಲ ವಾರದೊಳಗೆ ತೀರಿಕೊಂಡರು. ಅನುಮಾನ ಹೋಗಿದ್ದು ಅವರಿಗೆ ಹಾಕಿದ ಡ್ರಿಪ್ ಬಾಟಲಿಯ ಮೇಲೆ, ರಿಂಗರ್ ಲ್ಯಾಕ್ಟೇಟ್ ದ್ರಾವಣ. ಔಷಧ ನಿಯಂತ್ರಕರ ಅಮಾನತು ಆಯಿತು, ಪತ್ರಿಕಾಗೋಷ್ಠಿ ಆಯಿತು, ಆಮೇಲೆ ಎಲ್ಲರೂ ಬೇರೆ ಸುದ್ದಿಗೆ ಹೋದರು. ಮನೆಯಲ್ಲಿ ಹೆರಬೇಡಿ, ಆಸ್ಪತ್ರೆಗೆ ಬನ್ನಿ ಅಂತ ಅಜ್ಜಿಯರ ಹತ್ತಿರ ಜಗಳ ಆಡಿ, ರಾತ್ರಿ ಎರಡು ಗಂಟೆಗೆ ಆಂಬುಲೆನ್ಸಿಗೆ ಫೋನ್ ಮಾಡಿ ಕರೆತರೋರು ಆಶಾಗಳು. ಅವರ ಮಾತು ನಂಬಿ ಬಂದವಳ ಕೈಗೆ ಚುಚ್ಚುವ ಬಾಟಲಿಯಲ್ಲಿ ಏನಿದೆ ಅಂತ ನೋಡೋದು ಯಾರ ಕೆಲಸ ಸ್ವಾಮಿ? ಬಾಣಂತಿ ವಾಪಸ್ ಬರದಿದ್ದರೆ ಅದೇ ಕೇರಿಯಲ್ಲಿ, ಅದೇ ಅಜ್ಜಿಯ ಮುಂದೆ ತಲೆ ಎತ್ತಿ ನಡೆಯಬೇಕಾದವರು ಇವರು. 2018-20ರ ಲೆಕ್ಕದಲ್ಲಿ ನಮ್ಮ ರಾಜ್ಯದ ತಾಯಂದಿರ ಸಾವು ಲಕ್ಷ ಜೀವಂತ ಜನನಕ್ಕೆ 69. ದಕ್ಷಿಣದಲ್ಲಿ ನಾವೇ ಮೊದಲು. ಕೇರಳದಲ್ಲಿ 19. ನನಗೆ ಇದನ್ನು ಬರೆದೂ ಬರೆದೂ ಬೇಜಾರಾಗಿದೆ.

ಫಲಕ ಈಗ ಅಕ್ಕನ ಮನೆಯ ಫ್ರಿಡ್ಜ್ ಮೇಲಿದೆ. ಅದರಲ್ಲಿ ಅವರ ಹೆಸರನ್ನೇ ತಪ್ಪು ಕೆತ್ತಿದ್ದಾರೆ. ತಿದ್ದಿಸಿಕೊಡಿ ಅಂತ ಕೇಳಿದ್ದಕ್ಕೆ, ಅರ್ಜಿ ಬರೆದು ಆಧಾರ್ ಜೆರಾಕ್ಸ್ ಲಗತ್ತಿಸಿ ಕೊಡಿ ಅಂದರಂತೆ.