ಮಳೆಗೆ ಗೆಜ್ಜೆ ಕಟ್ಟುವ ಮುಂಚೆ

ಮುಂಗಾರು ಶುರುವಾಗುವುದೇ ತಡ, ಟೈಮ್‌ಲೈನ್ ತುಂಬ ಮಳೆಹುಡುಗಿಯರು. ಗೆಜ್ಜೆ ಕಟ್ಟಿ ಬಂದಳು, ನಾಚಿ ನಿಂತಳು, ಇಳೆಯನ್ನು ತಬ್ಬಿ ಮುದ್ದಿಸಿದಳು. ಈಗಷ್ಟೇ ಓದಿದ ಒಂದು ಕವಿತೆಯಲ್ಲಂತೂ ಮೊದಲ ಸಾಲಿನಲ್ಲಿ "ಬಂದಳು" ಆಗಿದ್ದ ಮಳೆ ಮೂರನೇ ಸಾಲಿಗೆ "ನಿಂತಿತು" ಆಗಿದೆ. ನಡುವೆ ಆ ಹುಡುಗಿಗೆ ಏನಾಯಿತು ಅಂತ ಕವಿಗೂ ಗೊತ್ತಿಲ್ಲ, ಕೆಳಗೆ "ಸೂಪರ್ ಸರ್" ಅಂತ ಬರೆದವರಿಗೂ ಗೊತ್ತಿಲ್ಲ.

ಅಲಂಕಾರದ ವಿಷಯದಲ್ಲಿ ನನ್ನ ತಾಳ್ಮೆ ಎಷ್ಟು ಅಂತ ಇಲ್ಲಿರುವ ಸ್ನೇಹಿತರಿಗೆ ಗೊತ್ತೇ ಇದೆ, ನೇರವಾಗಿ ಹೇಳಿಬಿಡುತ್ತೇನೆ. ಜಡವಸ್ತುವನ್ನು ಮನುಷ್ಯರ ಸಾಲಿಗೆ ಸೇರಿಸಿದಿರೋ, ಅವರ ಯೋಗಕ್ಷೇಮ ಕೊನೆಯವರೆಗೂ ನಿಮ್ಮದೇ. ಕರೆದು ಕೂರಿಸಿ ಮರೆತುಬಿಡುವಂತಿಲ್ಲ.

ಕನ್ನಡದಲ್ಲಿ ಈ ಕೆಲಸ ಇನ್ನೂ ನಾಜೂಕು, ಯಾಕೆಂದರೆ ನಮ್ಮ ಕ್ರಿಯಾಪದದ ಬಾಲವೇ ಗುಟ್ಟು ಬಿಟ್ಟುಕೊಡುತ್ತದೆ. "ಮಳೆ ಬಂತು" ಅಂದರೆ ಬರೀ ಮಳೆ. "ಮಳೆ ಬಂದಳು" ಅಂದ ಕೂಡಲೇ ಒಬ್ಬ ಹೆಣ್ಣು ಅಂಗಳದಲ್ಲಿ ನಿಂತಾಯಿತು. ಆಮೇಲೆ "ಅದರ" ಹೋಗಿ "ಅವಳ" ಬರಬೇಕು, "ಒಂದು" ಹೋಗಿ "ಒಬ್ಬಳು" ಬರಬೇಕು. ಮರಗಳನ್ನು ಮನುಷ್ಯರನ್ನಾಗಿ ಮಾಡಿದರೆ "ನಕ್ಕವು" ಅಲ್ಲ, "ನಕ್ಕರು". ವಿಭಕ್ತಿಯನ್ನೂ ನೋಡಿಕೊಳ್ಳಬೇಕು. "ಮರ ನೋಡಿದೆ" ಅಂತ ಆಡುಮಾತಿನಲ್ಲಿ ಸಲೀಸಾಗಿ ಅನ್ನುತ್ತೇವೆ, "ಸೀತೆ ನೋಡಿದೆ" ಅನ್ನುವುದಿಲ್ಲ, "ಸೀತೆಯನ್ನು" ಬೇಕೇ ಬೇಕು. ಮರಕ್ಕೆ ಮನುಷ್ಯಪಟ್ಟ ಕಟ್ಟಿದ ಮೇಲೆ ಆ "ಅನ್ನು" ಬಿಟ್ಟಿರೋ, ಅದು ವಾಪಸ್ ಸೌದೆ.

ಅಂದಹಾಗೆ, ಮಳೆ ಹೆಣ್ಣೇ ಆಗಬೇಕು ಅಂತ ಹೇಳಿದವರು ಯಾರು? ಹಳ್ಳಿಯ ಮಕ್ಕಳು ಕೂಗಿ ಕರೆದದ್ದು ಮಳೆರಾಯನನ್ನು. ರಾಯನ ಕಾಲಿಗೆ ಗೆಜ್ಜೆ ಕಟ್ಟಿ ತೋರಿಸಿ ನೋಡೋಣ.

ಬಾಲ ಸರಿಯಿದ್ದರೂ ಮುಗಿಯಲಿಲ್ಲ. "ಒಂಟಿ ಬಾವಿ ಅಳುತ್ತಿತ್ತು" ಎಂಬ ಸಾಲನ್ನೇ ತೆಗೆದುಕೊಳ್ಳಿ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೂ ಸತ್ತ ಸಾಲು. ಬಾವಿಯ ಜಾಗದಲ್ಲಿ ಬಂಡೆ ಇಡಿ, ಬಸ್‌ಸ್ಟ್ಯಾಂಡ್ ಇಡಿ, ಅಳು ಹಾಗೇ ನಡೆಯುತ್ತದೆ. ಅಳು ಬಾವಿಯದಲ್ಲ, ಬರೆದವರದು. ಬಾವಿ ನಿಜಕ್ಕೂ ಏನು ಮಾಡುತ್ತದೆ ಅಂತ ಮೊದಲು ನೋಡಬೇಕು. ಬೇಸಿಗೆಯಲ್ಲಿ ರಾತ್ರಿಯಿಡೀ ಬುಡದಲ್ಲಿ ನೀರು ಒಸರುತ್ತದೆ, ಬೆಳಗ್ಗೆ ನಾಲ್ಕು ಕೊಡ ಸೇದುವಷ್ಟರಲ್ಲಿ ತಳ ಕಾಣುತ್ತದೆ, ಐದನೆಯದಕ್ಕೆ ಕೆಸರು. ಈಗ ಬರೆಯಿರಿ: "ಬಾವಿ ರಾತ್ರಿಯೆಲ್ಲ ಕೂಡಿಟ್ಟದ್ದನ್ನು ಬೆಳಗ್ಗೆ ನಾಲ್ಕು ಕೊಡ ಕೊಟ್ಟು ಸುಮ್ಮನಾಯಿತು." "ಅವಳು" ಬೇಕಾಗಲಿಲ್ಲ, ಕಣ್ಣೀರೂ ಬೇಕಾಗಲಿಲ್ಲ. "ಕೂಡಿಟ್ಟು" ಎಂಬ ಒಂದೇ ಕ್ರಿಯಾಪದ ಇಡೀ ಕೆಲಸ ಮಾಡಿತು. ವಿಶೇಷಣಗಳನ್ನು ಕಿತ್ತು ಕ್ರಿಯಾಪದ ಹುಡುಕಿ ಅಂತ ನಾನು ಗೋಳಾಡುವುದು ಇದಕ್ಕೇ. ಒಂದು ಪ್ಯಾರಾದಲ್ಲಿ ಇಂಥದ್ದು ಒಂದು ಸಾಕು. ಬಾವಿ ಕೂಡಿಟ್ಟು, ರಾಟೆ ಗೊಣಗಿ, ಹಗ್ಗ ನಿಟ್ಟುಸಿರು ಬಿಟ್ಟರೆ ಅದು ಕಂಪನಿ ನಾಟಕ.

"ಮಳೆ ಕೈಕೊಟ್ಟಿತು", "ಮನೆ ಬಿಕೋ ಅನ್ನುತ್ತಿದೆ", "ಸೂರ್ಯ ಮುಳುಗಿದ" ಇವೆಲ್ಲ ಭಾಷೆ ಎಂದೋ ಮಾಡಿಟ್ಟದ್ದು. ಧಾರಾಳವಾಗಿ ಬಳಸಿ, ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

"ಕವಿಗೆ ಸ್ವಾತಂತ್ರ್ಯ ಇಲ್ವಾ ಸರ್?" ಅಂತ ಯಾರಾದರೂ ಬಂದೇ ಬರುತ್ತಾರೆ. ಇದೆ ಮಾರಾಯ್ರೇ. ಕಾಳಿದಾಸನಿಗೂ ಇತ್ತು. ಆದರೂ ವಿರಹಿ ಯಕ್ಷನೊಬ್ಬ ಮೋಡದ ಕೈಲಿ ಹೆಂಡತಿಗೆ ಸಂದೇಶ ಕಳಿಸುವ ಮೇಘದೂತದ ಆರಂಭದಲ್ಲೇ ಆತ ಜವಾಬು ಕೊಟ್ಟುಬಿಡುತ್ತಾನೆ: ಹೊಗೆ, ಬೆಳಕು, ನೀರು, ಗಾಳಿ ಸೇರಿದ ಮೋಡ ಎಲ್ಲಿ, ಸಮರ್ಥರು ಒಯ್ಯಬೇಕಾದ ಸಂದೇಶ ಎಲ್ಲಿ, ಆದರೆ ವಿರಹಿಗೆ ಚೇತನ ಯಾವುದು ಅಚೇತನ ಯಾವುದು ಎಂಬ ಪರಿವೆ ಇರುವುದಿಲ್ಲ. ಅಲಂಕಾರಶಾಸ್ತ್ರದ ಭಾಮಹ ಇನ್ನೂ ಖಡಕ್ಕು. ಮಾತೇ ಬಾರದ ಮೋಡ, ಗಾಳಿ, ಚಂದ್ರರನ್ನು ದೂತರಾಗಿ ಕಳಿಸುವುದು ಯುಕ್ತಿಗೆ ಒಗ್ಗದ ದೋಷ ಅನ್ನುತ್ತಾನೆ. ಉತ್ಕಂಠೆಯಿಂದ ಹುಚ್ಚು ಹಿಡಿದವನಂತೆ ಮಾತಾಡುವವನಿಗೆ ಮಾತ್ರ ವಿನಾಯಿತಿ. ಅಂದರೆ ಯಾರು ಹೇಳುತ್ತಿದ್ದಾರೆ, ಯಾವ ಮನಃಸ್ಥಿತಿಯಲ್ಲಿ ಎಂಬುದು ಪದ್ಯದೊಳಗೇ ಇರಬೇಕು. ನಿಮ್ಮ ಕವಿತೆಯಲ್ಲಿ ಹುಚ್ಚು ಹಿಡಿದಿರುವುದು ಯಾರಿಗೆ, ತೋರಿಸಿ.

ಕವಿಗಳಿಗಿಂತ ನಮ್ಮ ಜನ ಇದನ್ನು ಚೆನ್ನಾಗಿ ಬಲ್ಲರು. ತುಳುನಾಡಿನ ಕೆಡ್ಡಸ ಹಬ್ಬದಲ್ಲಿ ಭೂಮಿ ಮುಟ್ಟಾಗುತ್ತಾಳೆ. ಹಾಗಂದ ಮೇಲೆ ಮೂರು ದಿನ ನೆಲ ಅಗೆಯುವಂತಿಲ್ಲ, ನೇಗಿಲು ಹೂಡುವಂತಿಲ್ಲ. ಮುಗಿದ ಮೇಲೆ ಎಣ್ಣೆ ಬಿಟ್ಟು ಉಪಚಾರ. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಆಕೆ ಬಸುರಿ, ಹಾಗಾಗಿ ಬಯಕೆಯ ಅಡುಗೆ ಹೊಲಕ್ಕೇ ಹೋಗುತ್ತದೆ. ಹೆಣ್ಣು ಅಂದರು, ಹೆಣ್ಣಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದರು.

ಇನ್ನು ಸುದ್ದಿಯವರು. "ವರುಣನ ಆರ್ಭಟ", "ಯಮಸ್ವರೂಪಿ ಟಿಪ್ಪರ್". ಕವಿತೆಯಲ್ಲಿ ಈ ಸೋಮಾರಿತನ ಬರೀ ಬೇಜಾರು ತರಿಸುತ್ತದೆ, ಇಲ್ಲಿ ಅಪಾಯಕಾರಿ. "ಟಿಪ್ಪರ್ ಬಲಿ ಪಡೆಯಿತು" ಎಂಬ ವಾಕ್ಯದಲ್ಲಿ ಕರ್ತೃಪದದ ಕುರ್ಚಿಯನ್ನು ಟಿಪ್ಪರ್ ಹಿಡಿದುಬಿಟ್ಟಿತು, ಚಾಲಕ, ಓವರ್‌ಲೋಡು, ಸವೆದ ಬ್ರೇಕು, ಮಾಲೀಕ ಎಲ್ಲರೂ ಹೊರಗೆ. ಡೆಸ್ಕಿನಲ್ಲಿ ಕೂತವರು ಇಂಥ ವಾಕ್ಯ ಸಿಕ್ಕಾಗ "ಯಾರು?" ಅಂತ ಒಂದು ಸಲ ಕೇಳಿ ಆ ಹೆಸರನ್ನೋ ಹುದ್ದೆಯನ್ನೋ ಕರ್ತೃ ಮಾಡಿದರೆ ಸಾಕು. ಮಾಡುವುದಿಲ್ಲ. ಮಳೆನೀರು ಹರಿಯಬೇಕಾದ ರಾಜಕಾಲುವೆಯ ಮೇಲೆ ಕಟ್ಟಡಕ್ಕೆ ಸಹಿ ಹಾಕಿದವರು ಫೋನ್ ಮಾಡಿ ದಬಾಯಿಸಬಹುದು, ವರುಣ ಯಾವತ್ತೂ ಫೋನ್ ಮಾಡುವುದಿಲ್ಲ ನೋಡಿ.