ಮುಖಕ್ಕೆ ಮಾಲೀಕರು ಹೊಣೆಯಲ್ಲ

ಮೈಸೂರಿನ ಬ್ಯೂಟಿ ಪಾರ್ಲರುಗಳಲ್ಲಿ ನಿರ್ಲಕ್ಷ್ಯ ತಡೆಯಲು ಬಳಸುವ ಅತ್ಯಂತ ಅಗ್ಗದ ಸಾಧನವೆಂದರೆ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ. ‘ನಂತರ ಉಂಟಾಗುವ ಯಾವುದೇ ತೊಂದರೆಗೆ ಮಾಲೀಕರು ಜವಾಬ್ದಾರರಲ್ಲ’ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಸ್ಕೂಟರ್ ಸ್ಟ್ಯಾಂಡಿನವರು ಹೆಲ್ಮೆಟ್ಟಿಗೆ ಹಾಕುವ ಬೋರ್ಡನ್ನೇ ಇವರು ಮುಖಕ್ಕೂ ಹಾಕಿದ್ದಾರೆ. ಹೆಲ್ಮೆಟ್ ಕಳೆದರೆ ಇನ್ನೊಂದು ಕೊಳ್ಳಬಹುದು, ಅಷ್ಟೇ ವ್ಯತ್ಯಾಸ.

ಇನ್ನೂ ಸ್ವಲ್ಪ ಮೇಲ್ದರ್ಜೆಯ ಕಡೆ, ಅಂದರೆ ಏಸಿ ಹಾಕಿ ಗ್ರೀನ್ ಟೀ ಕೊಡುವಲ್ಲಿ, ಒಪ್ಪಿಗೆ ಪತ್ರವೂ ಉಂಟು. ಅದನ್ನು ಕೈಗೆ ಕೊಡುವ ಶುಭ ಮುಹೂರ್ತವೇ ಬೇರೆ. ಮುಖದ ತುಂಬ ಪ್ಯಾಕ್ ಬಳಿದು, ಕಣ್ಣ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟ ಮೇಲೆ, ‘ಇಲ್ಲೊಂದು ಸಹಿ ಮೇಡಂ’ ಎನ್ನುತ್ತಾರೆ. ಗ್ರಾಹಕರು ಸಂಪೂರ್ಣ ಓದಿ ಅರ್ಥ ಮಾಡಿಕೊಂಡಿದ್ದಾರೆ ಎಂಬ ಸಾಲಿನ ಕೆಳಗೇ ಆ ಸಹಿ ಬೀಳುತ್ತದೆ.

ಆಷಾಢ ಕಳೆದು ಶ್ರಾವಣದ ಮುಹೂರ್ತಗಳು ಶುರುವಾದರೆ ಕುವೆಂಪುನಗರದಿಂದ ಒಂಟಿಕೊಪ್ಪಲಿನವರೆಗೆ ಯಾವ ಪಾರ್ಲರಿನಲ್ಲೂ ಕುರ್ಚಿ ಖಾಲಿ ಇರುವುದಿಲ್ಲ. ವಧುವಿನ ಚಿಕ್ಕಮ್ಮನಿಗೆ ಬೆಳಿಗ್ಗೆ ಹತ್ತಕ್ಕೆ ತಲೆಗೆ ಬಣ್ಣ, ಸಂಜೆ ಏಳಕ್ಕೆ ಆರತಕ್ಷತೆ. ಆ ಬಣ್ಣದ ಪೊಟ್ಟಣದ ಮೇಲೆ ಒಂದು ಎಚ್ಚರಿಕೆ ಇದೆ. ಪ್ಯಾರಾ ಫೀನೈಲೀನ್ ಡೈಅಮೈನ್ ಎಂಬ, ಕೆಲವರಿಗೆ ಅಲರ್ಜಿ ತರುವ ರಾಸಾಯನಿಕ ಇರುವ ಬಣ್ಣವಾದರೆ ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಯಲ್ಲೂ ಅದನ್ನು ಅಚ್ಚು ಹಾಕಬೇಕೆಂಬುದು ನಿಯಮ: ಮೊದಲು ಕಿವಿಯ ಹಿಂದೆಯೋ ಮುಂಗೈಯ ಒಳಭಾಗದಲ್ಲೋ ಸ್ವಲ್ಪ ಹಚ್ಚಿ 24 ಗಂಟೆ ಕಾಯಿರಿ, ಹುಬ್ಬಿಗೆ, ರೆಪ್ಪೆಗೆ ಹಚ್ಚಬೇಡಿ, ಕಣ್ಣು ಹೋಗಬಹುದು. ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರಗಳು, ನಿಜ. ಆದರೆ ಇವೆ.

‘ಪರೀಕ್ಷೆ ಮಾಡುವುದಿಲ್ಲವೇ?’ ಎಂದು ಚಿಕ್ಕಮ್ಮ ಕೇಳಿದರೆನ್ನಿ. ‘ಅಯ್ಯೋ ಅಕ್ಕಾ, ಇಪ್ಪತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಒಬ್ಬರಾದರೂ ದೂರು ಹೇಳಿಲ್ಲ’ ಎಂಬ ಉತ್ತರ ಸಿದ್ಧ. ಹೇಳುವುದು ಹೇಗೆ? ಮುಖ ಊದಿಕೊಂಡು ಕಣ್ಣು ಮುಚ್ಚಿಹೋದವರು ಚರ್ಮದ ವೈದ್ಯರ ಬಳಿ ಹೋಗುತ್ತಾರೆಯೇ ಹೊರತು ಮತ್ತೆ ಪಾರ್ಲರಿಗೆ ಬರುವುದಿಲ್ಲ. ಈ ಅಲರ್ಜಿ ಮೊದಲ ದಿನವೇ ಬರಬೇಕೆಂದೂ ಇಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಏಕಾಏಕಿ ಏಳಬಹುದು. ಆ ದಿನ ಆರತಕ್ಷತೆಯದ್ದಾಗಿದ್ದರೆ ಫೋಟೋಗ್ರಾಫರಿಗೆ ಮಾತ್ರ ಗೊತ್ತಾಗುತ್ತದೆ, ಅವನೂ ಎಡಿಟಿಂಗಿನಲ್ಲಿ ಸರಿಮಾಡುತ್ತಾನೆ.

ಹಾಗೆಂದು ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನಬಾರದು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಾಯಿತು. ಆಗಬೇಕಾದದ್ದೇ, ಅದಕ್ಕೆ ನನ್ನ ಎರಡೂ ಕೈ ಮೇಲೆ. ಟೇಪು ಹಿಡಿದು ಬಂದವರು ಬೋರ್ಡಿನ ಕನ್ನಡ ಅಳೆದರು, ಕಸದ ಬುಟ್ಟಿ ಎಣಿಸಿದರು, ಶುಲ್ಕ ಪಡೆದರು, ಹೊರಟರು. ಬೋರ್ಡಿನ ಒಳಗಡೆ ಬಟ್ಟಲಲ್ಲಿ ಕಲಸಿಟ್ಟ ಬಣ್ಣದಲ್ಲಿ ಯಾವುದು ಶೇಕಡಾ ಎಷ್ಟಿದೆ ಎಂದು ಕೇಳಲು ಅವರ ಫಾರಂನಲ್ಲಿ ಕಾಲಂ ಇಲ್ಲ. ಮತ ಹಾಕಿದಾಗ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಮಾಡಿಕೊಡುತ್ತಿರುವುದು ಇದೇ ಊರಿನ ಕಾರ್ಖಾನೆ. ಒಂದು ಬೆರಳಿನ ಒಂದು ಗೆರೆಗೆ ಗುಟ್ಟಿನ ಸೂತ್ರ, ಚುನಾವಣಾ ಆಯೋಗ, ಬಂದೋಬಸ್ತು. ಇಡೀ ತಲೆಗೆ ಬಳಿಯುವ ಬಣ್ಣಕ್ಕೆ ಹಳೆಯ ಬ್ರಷ್ಷು ಮತ್ತು ದೇವರ ದಯೆ.

ಇನ್ನು ಹುಬ್ಬು. ದಾರದ ಒಂದು ತುದಿ ಪಾರ್ಲರಿನಾಕೆಯ ಹಲ್ಲಿನ ನಡುವೆ, ಉಳಿದ ದಾರ ಎರಡು ಕೈಗಳಲ್ಲಿ, ನಡುವೆ ಗಂಟು ಹಾಕಿದಂತೆ ತಿರುಚಿದ ಜಾಗದಲ್ಲಿ ನಮ್ಮ ಹುಬ್ಬು. ಎಂಜಲಿನ ವಿಷಯದಲ್ಲಿ ನಮ್ಮ ಮನೆಗಳಷ್ಟು ಕಟ್ಟುನಿಟ್ಟು ಇನ್ನೆಲ್ಲೂ ಇಲ್ಲ. ಸೌಟು ತಟ್ಟೆಗೆ ತಾಗಿದರೆ ಸಾರಿನ ಪಾತ್ರೆಯನ್ನೇ ಬೇರೆ ಇಡುವ ಅತ್ತೆಯಂದಿರು ಅಗ್ರಹಾರದಲ್ಲಿ ಈಗಲೂ ಇದ್ದಾರೆ. ಅವರೇ ಇಲ್ಲಿ ಕಣ್ಣು ಮುಚ್ಚಿ, ಚರ್ಮವನ್ನು ಎರಡು ಬೆರಳಲ್ಲಿ ಎಳೆದು ಹಿಡಿದು, ‘ಸ್ವಲ್ಪ ಸಣ್ಣಗೆ ಮಾಡಮ್ಮ’ ಎನ್ನುತ್ತಾರೆ. ಉಗುರು ಕತ್ತರಿಸುವ ಸಲಕರಣೆಗಳಿಗೆ ಸ್ಟೆರಿಲೈಸರ್ ಪೆಟ್ಟಿಗೆ ಇದೆ. ನೀಲಿ ದೀಪ ಕೆಟ್ಟು ಕಾಲವಾಗಿದೆ. ಸದ್ಯ ಒಳಗಿರುವುದು ಮೊಬೈಲ್ ಚಾರ್ಜರ್ ಮತ್ತು ಪುಳಿಯೋಗರೆ ಡಬ್ಬಿ. ಒಣಗಿದ ರಕ್ತದ ಕಲೆಯಲ್ಲಿ ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು. ಡಬ್ಬಿಯೊಳಗಿನ ಪುಳಿಯೋಗರೆ ಅಷ್ಟು ದಿನ ತಾಳುವುದಿಲ್ಲ.

ಕಲಿಕೆಯ ಮಾತೂ ಬೇಡವೇ? ಐಟಿಐಗಳಲ್ಲಿ ಕಾಸ್ಮೆಟಾಲಜಿಗೆ, ಅಂದರೆ ಇದೇ ಪಾರ್ಲರಿನ ಕೆಲಸಕ್ಕೆ, ಒಂದು ವರ್ಷದ ಕೋರ್ಸ್ ಇದೆ. ಆದರೆ ಒಂದು ವರ್ಷ ಯಾರಿಗಿದೆ, ಯೂಟ್ಯೂಬ್ ಇರುವಾಗ? ಇದು ಪಾರ್ಲರುಗಳ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಯೂಟ್ಯೂಬ್ ನೋಡಿದ್ದು ಕೂದಲು ಕಸಿ ಮಾಡಲು ತರಬೇತಿಯಾಗುವುದಿಲ್ಲ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಲಿಖಿತವಾಗಿ ಹೇಳಬೇಕಾಯಿತು. ಯಾರೂ ಮಾಡದ ಕೆಲಸವನ್ನು ಮಾಡಬೇಡಿ ಎಂದು ಯಾವ ಆಯೋಗವೂ ಹೇಳುವುದಿಲ್ಲ.

ಅಷ್ಟಾದರೂ ಆ ಲ್ಯಾಮಿನೇಟ್ ಹಾಳೆಗೆ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿರ್ಲಕ್ಷ್ಯವೂ ಸೇವಾ ನ್ಯೂನತೆಯೇ; ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ಕೂದಲನ್ನು ಹೇಳಿದ್ದಕ್ಕಿಂತ ಗಿಡ್ಡ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ಘೋಷಿಸಿತ್ತು. ನಷ್ಟಕ್ಕೆ ಪುರಾವೆ ಎಲ್ಲಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ರದ್ದುಮಾಡಿ ಮರುಪರಿಶೀಲನೆಗೆ ಕಳುಹಿಸಿತು.

ಪುರಾವೆ ಎಂದರೆ ಮೊದಲು ಬಿಲ್ಲು. ಕೇಳಿದಿರೋ, ‘ಬಿಲ್ಲು ಬೇಕೆಂದರೆ ಜಿಎಸ್‌ಟಿ ಶೇ 18 ಸೇರುತ್ತದೆ ಮೇಡಂ’ ಎಂದು ಮುಖ ಸಪ್ಪೆ ಮಾಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆಯಲ್ಲ ಎಂದರೆ ಕೌಂಟರಿನಲ್ಲಿ ಸ್ವಲ್ಪ ಗುಸುಗುಸು ನಡೆದು ಕೊನೆಗೊಂದು ಚೀಟಿ ಬರುತ್ತದೆ. ಅದರಲ್ಲಿ ತಾರೀಖಿಲ್ಲ, ಹಚ್ಚಿದ ಬಣ್ಣದ ಹೆಸರಿಲ್ಲ. ‘ಸೌಂದರ್ಯ, 2,400 ರೂ., ವಂದನೆಗಳು’ ಎಂದಷ್ಟೇ ಇದೆ.